ಬುಡವಿಲ್ಲದ ಕೂದಲಿನ ಆರೈಕೆ

ನಿಜ ಕೂದಲಿನ ವಿಗ್ ಎಷ್ಟೇ ಸಹಜವಾಗಿ ಕಂಡರೂ ಅದರ ಕೂದಲಿಗೆ ನೆತ್ತಿಯ ಆಸರೆಯಿಲ್ಲ. ತಲೆಯ ಮೇಲೆ ಬೆಳೆಯುವ ಕೂದಲಿಗೆ ಬುಡದ ಗ್ರಂಥಿಗಳು ದಿನವೂ ಜಿಡ್ಡು ಒದಗಿಸುತ್ತವೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬರುತ್ತದೆ. ಉದುರಿದಲ್ಲಿ ಮತ್ತೆ ಹುಟ್ಟುತ್ತದೆ, ಸೀಳಿದ ತುದಿ ಕತ್ತರಿಸಿದರೆ ಕೆಲವೇ ತಿಂಗಳಲ್ಲಿ ಆ ಉದ್ದ ಮರಳುತ್ತದೆ. ವಿಗ್ಗಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಒಂದು ಎಳೆ ಕಿತ್ತರೆ ಅದು ಹೋದ ಹಾಗೆಯೇ, ತುದಿ ಒಣಗಿದರೆ ಒಣಗಿದ ಹಾಗೆಯೇ. ಆದ್ದರಿಂದ ವಿಗ್ಗಿನ ಆರೈಕೆಯಲ್ಲಿ ನೆತ್ತಿ ಮಾಡುತ್ತಿದ್ದ ಕೆಲಸದ ಒಂದಿಷ್ಟನ್ನು ಕೈಯಿಂದ ಮಾಡಬೇಕಾಗುತ್ತದೆ, ಮತ್ತು ಇರುವ ಕೂದಲನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳಬೇಕಾಗುತ್ತದೆ. ಹಳೆಯ ವಿಗ್ಗನ್ನು ಮನೆಯಲ್ಲೇ ಸರಿಪಡಿಸುವಾಗಲೂ ಗಮನವಿರಬೇಕಾದದ್ದು ಈ ಎರಡರ ಮೇಲೆ.

ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಳಗಿನ ತಿರುಳಿಗೆ ಬಲವಿದೆ, ಬಣ್ಣವಿರುವುದೂ ಅಲ್ಲಿಯೇ. ಅದರ ಮೇಲೆ ತೆಳುವಾದ ಹುರುಪೆಗಳ ಹೊದಿಕೆ. ಮಂಗಳೂರು ಹೆಂಚಿನ ಸೂರಿನಲ್ಲಿ ಒಂದು ಹೆಂಚಿನ ಅಂಚು ಇನ್ನೊಂದರ ಮೇಲೆ ಕೂರುವಂತೆ ಈ ಹುರುಪೆಗಳು ಒಂದರ ಮೇಲೊಂದು ಕೂತಿರುತ್ತವೆ, ಎಲ್ಲದರ ಮುಖವೂ ಬುಡದಿಂದ ತುದಿಯ ಕಡೆಗೆ. ಹುರುಪೆಗಳು ಮುಚ್ಚಿಕೊಂಡಿದ್ದರೆ ಬೆಳಕು ಸಮನಾಗಿ ಪ್ರತಿಫಲಿಸಿ ಕೂದಲು ಹೊಳೆಯುತ್ತದೆ, ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಅವು ಎದ್ದು ನಿಂತರೆ ಕೂದಲು ಮಂಕಾಗುತ್ತದೆ, ಒರಟಾಗುತ್ತದೆ, ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕೂದಲನ್ನು ಎರಡು ಬೆರಳಿನ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ತುಸು ತಡೆ. ಈ ತಡೆಗೆ ಕಾರಣ ಹುರುಪೆಗಳೇ.

ವಿಗ್ಗಿನ ಕೂದಲು ಎಲ್ಲಿಂದ ಬಂತು ಎಂಬುದಕ್ಕೂ ಅದರ ಬಾಳಿಕೆಗೂ ನೇರ ಸಂಬಂಧ ಇದೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಡುವ ಮುಡಿಯನ್ನು ದೇವಸ್ಥಾನದ ಆಡಳಿತ ಹರಾಜು ಹಾಕುತ್ತದೆ. ಕೂದಲಿನ ವ್ಯಾಪಾರದಲ್ಲಿ ಇದಕ್ಕೆ ಒಳ್ಳೆಯ ಹೆಸರು. ಉದ್ದನೆಯ ಮುಡಿಯನ್ನು ಬುಡದಲ್ಲಿ ಕಟ್ಟಿ ತೆಗೆದಾಗ ಎಲ್ಲ ಎಳೆಗಳ ಬುಡವೂ ಒಂದೇ ಕಡೆ ಉಳಿಯುತ್ತದೆ, ಹುರುಪೆಗಳ ದಿಕ್ಕೂ ಒಂದೇ ಆಗಿರುತ್ತದೆ. ಹೀಗೆ ಬುಡ-ತುದಿ ತಪ್ಪದೆ ಜೋಡಿಸಿದ ಕೂದಲನ್ನು ಮಾರುಕಟ್ಟೆಯಲ್ಲಿ ರೆಮಿ ಎನ್ನುತ್ತಾರೆ. ಇನ್ನೊಂದು ಬಗೆಯದು ಬಾಚಣಿಗೆಯಲ್ಲಿ ಉಳಿದ ಉದುರುಗೂದಲು. ಪಾತ್ರೆಗೋ ಪಿನ್ನಿಗೋ ಬದಲಾಗಿ ಮನೆಮನೆಯಿಂದ ಕೂದಲು ಕೊಳ್ಳುವವರು ಸಂಗ್ರಹಿಸುವುದು ಇದನ್ನೇ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಈ ಉದ್ಯಮಕ್ಕೆ ಹೆಸರಾದ ಊರು. ಗಂಟುಗಂಟಾಗಿ ಬಂದ ಕೂದಲುಂಡೆಗಳ ಸಿಕ್ಕು ಬಿಡಿಸಿ, ತೊಳೆದು, ಹಣಿಗೆಯಲ್ಲಿ ಎಳೆದು, ಉದ್ದದ ಪ್ರಕಾರ ವಿಂಗಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ಅದರಲ್ಲಿ ಹೆಣ್ಣುಮಕ್ಕಳ ಕೈ ದೊಡ್ಡದು. ಕಡ್ಡಿಯಷ್ಟು ಸಣ್ಣ ಸಲಕರಣೆ ಹಿಡಿದು, ಗಂಟೆಗಟ್ಟಲೆ ಒಂದೊಂದೇ ಎಳೆ ಬಿಡಿಸುವ ಈ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಉದುರುಗೂದಲಿನಲ್ಲಿ ಕೆಲವು ಎಳೆಗಳ ಬುಡ ಮೇಲಿರುತ್ತದೆ, ಕೆಲವುಗಳ ತುದಿ ಮೇಲಿರುತ್ತದೆ. ಎದುರುಬದುರಾದ ಹುರುಪೆಗಳು ಒಂದನ್ನೊಂದು ಕಚ್ಚಿಕೊಳ್ಳದಿರಲೆಂದು ಕಾರ್ಖಾನೆಯಲ್ಲಿ ಕೂದಲನ್ನು ರಾಸಾಯನಿಕದಲ್ಲಿ ಅದ್ದಿ ಹುರುಪೆಗಳನ್ನು ತೆಗೆಯುತ್ತಾರೆ ಅಥವಾ ಸವೆಸುತ್ತಾರೆ. ಬಳಿಕ ಸಿಲಿಕೋನ್ ಲೇಪಿಸಿ ಹೊಳಪು ಕೊಡುತ್ತಾರೆ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಇದು ರೆಮಿಗಿಂತಲೂ ನುಣುಪು ಅನ್ನಿಸುವುದುಂಟು. ಕೆಲವು ಬಾರಿ ತೊಳೆದ ಮೇಲೆ ಲೇಪ ಹೋಗುತ್ತದೆ, ಹೊದಿಕೆ ಕಳೆದುಕೊಂಡ ಕೂದಲಿನ ನಿಜ ಸ್ಥಿತಿ ಆಗ ಕಾಣುತ್ತದೆ. ಕೊಂಡ ಎರಡೇ ತಿಂಗಳಿಗೆ ವಿಗ್ ಹುಲ್ಲಿನಂತಾಯಿತೆಂದು ದೂರುವವರು ತಮ್ಮ ಆರೈಕೆಯಲ್ಲೇ ತಪ್ಪಾಯಿತೆಂದು ನೊಂದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಅವರದಲ್ಲ. ಸವೆದ ಹುರುಪೆಯನ್ನು ಯಾವ ಕಂಡಿಷನರೂ ಮತ್ತೆ ಬೆಳೆಸುವುದಿಲ್ಲ. ಅಂಥ ಕೂದಲಿಗೆ ತಾತ್ಕಾಲಿಕ ನುಣುಪು ಕೊಡಬಹುದು, ಪ್ರತಿ ಬಾರಿ ತೊಳೆದಾಗಲೂ ಅದನ್ನು ಮತ್ತೆ ಕೊಡಬೇಕು.

ಕೂದಲಿನಷ್ಟೇ ಮುಖ್ಯವಾದದ್ದು ಅದನ್ನು ಹಿಡಿದಿರುವ ತಳ, ಅಂದರೆ ತಲೆಗೆ ಹಾಕಿಕೊಳ್ಳುವ ಟೋಪಿಯ ಭಾಗ. ಅಗ್ಗದ ವಿಗ್ಗುಗಳಲ್ಲಿ ಕೂದಲನ್ನು ಉದ್ದನೆಯ ಪಟ್ಟಿಯಾಗಿ ಮೆಷಿನ್ನಿನಲ್ಲಿ ಹೊಲಿದು, ಆ ಪಟ್ಟಿಗಳನ್ನು ಸಾಲಾಗಿ ಎಲಾಸ್ಟಿಕ್ ಟೋಪಿಗೆ ಹೊಲಿದಿರುತ್ತಾರೆ. ದುಬಾರಿಯವುಗಳಲ್ಲಿ ತೆಳ್ಳನೆಯ ಲೇಸ್ ಬಲೆಗೆ ಒಂದೊಂದು, ಎರಡೆರಡು ಎಳೆಯನ್ನು ಸಣ್ಣ ಕೊಕ್ಕೆಸೂಜಿಯಿಂದ ಕೈಯಲ್ಲೇ ಗಂಟು ಹಾಕಿರುತ್ತಾರೆ. ಹಲವು ವಿಗ್ಗುಗಳಲ್ಲಿ ಎರಡೂ ಇರುತ್ತವೆ: ಹಣೆಯ ಅಂಚಿನಲ್ಲಿ ಮತ್ತು ಬೈತಲೆಯಲ್ಲಿ ಲೇಸ್, ಹಿಂದೆ ಪಟ್ಟಿ. ಗಂಟು ಸಡಿಲಾದರೆ ಕೂದಲು ಉದುರುತ್ತದೆ, ಲೇಸ್ ಹರಿದರೆ ಅಂಚು ಕೆಡುತ್ತದೆ, ಎಲಾಸ್ಟಿಕ್ ಸೋತರೆ ವಿಗ್ ತಲೆಯ ಮೇಲೆ ನಿಲ್ಲುವುದಿಲ್ಲ. ತೊಳೆಯುವ ಮತ್ತು ಬಾಚುವ ಹೆಚ್ಚಿನ ನಿಯಮಗಳು ಇರುವುದು ಈ ಗಂಟು ಮತ್ತು ಬಲೆಯನ್ನು ಕಾಪಾಡಲಿಕ್ಕೆ.

ಪೆಟ್ಟಿಗೆಯಲ್ಲಿ ಬಹಳ ಕಾಲ ಬಿದ್ದಿದ್ದ ವಿಗ್ ಕೈಗೆ ಬಂದಾಗ ಮೊದಲು ಅದರ ಪರೀಕ್ಷೆಯಾಗಬೇಕು. ಕೂದಲು ನಿಜದ್ದೇ ಎಂಬ ಅನುಮಾನವಿದ್ದರೆ, ಒಳಭಾಗದಿಂದ ಒಂದೆರಡು ಎಳೆ ಕತ್ತರಿಸಿ ಚಿಮುಟದಲ್ಲಿ ಹಿಡಿದು, ನೀರಿನ ಬೋಗುಣಿಯ ಮೇಲೆ ಬೆಂಕಿ ತಾಕಿಸಿ ನೋಡಬಹುದು. ನಿಜ ಕೂದಲು ಸುಟ್ಟ ಕೂದಲಿನದೇ ವಾಸನೆ ಬಿಟ್ಟು, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಬೂದಿಯಾಗುತ್ತದೆ. ಕೃತಕ ನಾರು ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆ ಮುಖ್ಯ, ಏಕೆಂದರೆ ನಿಜ ಕೂದಲು ತಡೆಯುವ ಶಾಖ ಸಾಮಾನ್ಯ ಕೃತಕ ನಾರನ್ನು ಕೆಲವೇ ಕ್ಷಣಗಳಲ್ಲಿ ಹಾಳು ಮಾಡುತ್ತದೆ. ನಿಜ ಕೂದಲಿಗೆ ಹಚ್ಚುವ ಬಣ್ಣವೂ ಕೃತಕ ನಾರಿಗೆ ಹಿಡಿಯುವುದಿಲ್ಲ. ನಂತರ ವಿಗ್ಗನ್ನು ಒಳಮುಖ ಮಾಡಿ ಬೆಳಕಿಗೆ ಹಿಡಿದು ಲೇಸಿನಲ್ಲಿ ತೂತು, ಪಟ್ಟಿಯಲ್ಲಿ ಬಿಟ್ಟ ಹೊಲಿಗೆ, ಕೂದಲು ತೆಳುವಾದ ಜಾಗ ಎಲ್ಲೆಲ್ಲಿದೆ ಎಂದು ನೋಡಬೇಕು. ಹರಿದ ಜಾಗವಿದ್ದರೆ ತೊಳೆಯುವ ಮುನ್ನವೇ ನಾಲ್ಕು ಹೊಲಿಗೆ ಹಾಕುವುದು ಜಾಣತನ. ನೀರಿನ ಭಾರಕ್ಕೆ ಸಣ್ಣ ತೂತು ದೊಡ್ಡದಾಗುತ್ತದೆ. ಕೂದಲನ್ನು ನಿಧಾನವಾಗಿ ಎಳೆದಾಗ ಕಡಿದು ಬರುತ್ತದೆಯೇ, ಬುಡಸಮೇತ ಕಳಚಿ ಬರುತ್ತದೆಯೇ ಎಂಬುದನ್ನೂ ಗಮನಿಸಬೇಕು. ಕಡಿದು ಬಂದರೆ ಕೂದಲು ಒಣಗಿದೆ, ಕಳಚಿ ಬಂದರೆ ಗಂಟು ಸೋತಿದೆ. ಎರಡಕ್ಕೂ ಮದ್ದು ಬೇರೆ.

ಸಿಕ್ಕು ಬಿಡಿಸುವ ಕೆಲಸಕ್ಕೆ ಇಡೀ ಮಧ್ಯಾಹ್ನ ಮೀಸಲಿಡುವುದು ಒಳ್ಳೆಯದು. ವಿಗ್ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿ, ಅದೂ ಅವಸರದಿಂದ. ಸಿಕ್ಕು ಬಿಡಿಸದೆ ನೀರಿಗೆ ಹಾಕಿದರೆ ಪ್ರತಿ ಗಂಟೂ ಬಿಗಿಯುತ್ತದೆ. ಒದ್ದೆಯಾದ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಎಳೆದರೆ ಒಣಗಿದ್ದಾಗಿನದಕ್ಕಿಂತ ಬೇಗ ಹಿಗ್ಗಿ ಕಡಿಯುತ್ತದೆ. ಅದಕ್ಕೇ ಮೊದಲು ಒಣಗಿದ ಸ್ಥಿತಿಯಲ್ಲೇ ಬಿಡಿಸಬೇಕು. ವಿಗ್ಗನ್ನು ಥರ್ಮಾಕೋಲ್ ಅಥವಾ ಕ್ಯಾನ್ವಾಸ್ ತಲೆದಿಮ್ಮಿಗೆ ಏರಿಸಿ ಅಂಚಿನಲ್ಲಿ ಪಿನ್ನು ಚುಚ್ಚಿ ನಿಲ್ಲಿಸಿದರೆ ಎರಡೂ ಕೈ ಬಿಡುವಾಗುತ್ತವೆ. ಪಿನ್ನು ಲೇಸಿನ ಗಟ್ಟಿ ಅಂಚಿನಲ್ಲಿ ಕೂರಬೇಕು, ಬಲೆಯ ನಡುವೆ ಅಲ್ಲ. ಕೂದಲನ್ನು ನಾಲ್ಕಾರು ಪಾಲು ಮಾಡಿ ಕ್ಲಿಪ್ ಹಾಕಿ, ಕತ್ತಿನ ಹಿಂಭಾಗದ ಕೆಳಪಾಲಿನಿಂದ ಶುರು ಮಾಡಬೇಕು. ಬೆವರು, ಕಾಲರಿನ ಉಜ್ಜುವಿಕೆ ಎರಡೂ ಬೀಳುವ ಜಾಗ ಅದು. ಯಾವ ವಿಗ್ಗಿನಲ್ಲೇ ಆದರೂ ಮೊದಲು ಜಡೆಗಟ್ಟುವುದು ಅಲ್ಲೇ.

ಒಂದು ಪಾಲನ್ನು ಬುಡದ ಹತ್ತಿರ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಎಳೆತವನ್ನು ಮುಷ್ಟಿ ತಡೆಯುತ್ತದೆ, ತಳದ ಗಂಟಿಗೆ ಬೀಳುವುದಿಲ್ಲ. ಬಲಗೈಯಲ್ಲಿ ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯ ಎರಡು ಅಂಗುಲವನ್ನು ಮೊದಲು ಬಿಡಿಸಬೇಕು, ಅದು ಸಲೀಸಾದ ಮೇಲೆ ಇನ್ನೆರಡು ಅಂಗುಲ ಮೇಲಕ್ಕೆ. ಬುಡದಿಂದ ಒಂದೇ ಎಳೆತದಲ್ಲಿ ಬಾಚಿದರೆ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಒತ್ತಿ ಒಂದು ದೊಡ್ಡ ಗಂಟಾಗುತ್ತವೆ. ಗಟ್ಟಿ ಗಂಟು ಕಂಡಲ್ಲಿ ಒಂದು ಭಾಗ ಕಂಡಿಷನರ್‌ಗೆ ಹತ್ತು ಭಾಗ ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಬೆರಳಿಂದ ಅಥವಾ ದಪ್ಪ ಸೂಜಿಯ ಮೊಂಡು ತುದಿಯಿಂದ ಒಂದೊಂದೇ ಎಳೆಯನ್ನು ಹೊರಗೆಳೆಯಬೇಕು. ಭಾಗ್ಯನಗರದ ಹೆಣ್ಣುಮಕ್ಕಳ ಕೈಯಲ್ಲಿರುವ ವಿದ್ಯೆಯೂ ಇದೇ. ಕತ್ತರಿಗೆ ಕೈ ಹೋಗುವುದು ಸಹಜ, ಆದರೆ ಅದು ಕಡೆಯ ದಾರಿಯಾಗಿರಲಿ. ಅನಿವಾರ್ಯವಾದರೆ ಗಂಟನ್ನು ಅಡ್ಡಕ್ಕೆ ಕತ್ತರಿಸದೆ, ಕೂದಲಿನ ಉದ್ದಕ್ಕೆ ಸೀಳಿ ಎರಡು ಮಾಡಿದರೆ ಹೋಗುವ ಕೂದಲು ಬಹಳ ಕಡಿಮೆ. ಬಟ್ಟೆಗೆ ಹಾಕುವ ಸಾಫ್ಟ್‌ನರ್‌ನಲ್ಲಿ ನೆನೆಸಿದರೆ ಸಿಕ್ಕು ಬಿಡುತ್ತದೆ ಎಂಬ ಸಲಹೆ ಬಹಳ ಓಡಾಡುತ್ತಿದೆ. ನುಣುಪು ಬರುವುದೇನೋ ನಿಜ. ಆದರೆ ಅದು ಚರ್ಮಕ್ಕೆ ಹಚ್ಚಲು ಮಾಡಿದ್ದಲ್ಲ. ಲೇಸಿನಲ್ಲಿ ಉಳಿದು ದಿನವಿಡೀ ನೆತ್ತಿಗೆ ತಾಗಿದರೆ ತುರಿಕೆ, ಉರಿ ಶುರುವಾಗಬಹುದು. ಚಿಕಿತ್ಸೆಯ ಕಾರಣಕ್ಕೆ ವಿಗ್ ಹಾಕುವವರು ಇದನ್ನು ಬಿಟ್ಟುಬಿಡುವುದೇ ಸರಿ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬುದು ಬಳಕೆಯನ್ನು ಅವಲಂಬಿಸಿದೆ. ದಿನವೂ ಹಾಕುವವರು ಹತ್ತರಿಂದ ಹದಿನೈದು ಬಾರಿ ಧರಿಸಿದ ಮೇಲೆ ತೊಳೆದರೆ ಸಾಕು. ಬೇಸಗೆಯಲ್ಲಿ, ಬೆವರು ಹೆಚ್ಚಿರುವ ಕರಾವಳಿಯಲ್ಲಿ ಇನ್ನೂ ಬೇಗ ತೊಳೆಯಬೇಕಾದೀತು. ತಲೆಗೂದಲಿನಂತೆ ವಾರಕ್ಕೆ ಮೂರು ಬಾರಿ ತೊಳೆಯುವುದು ವಿಗ್ಗಿಗೆ ಶಿಕ್ಷೆ. ಪ್ರತಿ ತೊಳೆತವೂ ಹುರುಪೆಯನ್ನು ಸವೆಸುತ್ತದೆ, ಗಂಟನ್ನು ಸಡಿಲಿಸುತ್ತದೆ.

ಕರ್ನಾಟಕದ ಬಹುಪಾಲು ಮನೆಗಳಲ್ಲಿ ವಿಗ್ಗಿನ ದೊಡ್ಡ ಶತ್ರು ಶಾಂಪೂ ಅಲ್ಲ, ನೀರು. ಬಯಲುಸೀಮೆಯ ಕೊಳವೆಬಾವಿಗಳಲ್ಲಿ, ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಬರುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಅವು ಹುರುಪೆಗಳ ಸಂದಿಯಲ್ಲಿ ಕೂತು ಕೂದಲನ್ನು ಒರಟಾಗಿಸುತ್ತವೆ. ಸಾಬೂನಿನ ಜೊತೆ ಸೇರಿದರೆ ನೊರೆ ಬರುವ ಬದಲು ಬಿಳಿ ಜಿಡ್ಡಾಗಿ ಅಂಟಿಕೊಳ್ಳುತ್ತವೆ. ನೆತ್ತಿಯ ಕೂದಲಿನಲ್ಲಾದರೆ ಹಾಳಾದ ಭಾಗ ಬೆಳೆದು ಕತ್ತರಿಯ ಪಾಲಾಗುತ್ತದೆ, ವಿಗ್ಗಿನಲ್ಲಿ ಅದು ತಿಂಗಳಿಂದ ತಿಂಗಳಿಗೆ ಸೇರುತ್ತಲೇ ಹೋಗುತ್ತದೆ. ಮನೆಯಲ್ಲಿ ಆರ್‌ಒ ಫಿಲ್ಟರ್ ಇದ್ದರೆ ಕಡೆಯ ಜಾಲಾಟಕ್ಕೆ ಎರಡು ಮೂರು ಲೀಟರ್ ಅದೇ ನೀರನ್ನು ಬಳಸಬೇಕು. ಇಲ್ಲವಾದರೆ ಹಿಡಿದಿಟ್ಟ ಮಳೆನೀರು, ಅದೂ ಇಲ್ಲದಿದ್ದರೆ ಕುದಿಸಿ ಆರಿಸಿ, ತಳದ ಗಸಿ ಬಿಟ್ಟು ಬಸಿದ ನೀರು. ಕುದಿಸುವುದರಿಂದ ಗಡಸುತನ ಪೂರ್ತಿ ಹೋಗುವುದಿಲ್ಲ, ಒಂದು ಭಾಗವಷ್ಟೇ ತಳಕ್ಕೆ ಇಳಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ ಒಮ್ಮೆ ಜಾಲಿಸಿದರೆ ಲವಣದ ಪದರ ಕೊಂಚ ಕರಗುತ್ತದೆ, ಹುರುಪೆಗಳೂ ಮುಚ್ಚಿಕೊಳ್ಳುತ್ತವೆ. ಕೂದಲಿಗೆ ಒಗ್ಗುವುದು ತುಸು ಆಮ್ಲೀಯ ಸ್ಥಿತಿ, ಸುಮಾರು 4.5ರಿಂದ 5.5 ಪಿಎಚ್. ಸ್ನಾನದ ಸಾಬೂನಿನ ಪಿಎಚ್ 9ರಿಂದ 10, ಅಡುಗೆ ಸೋಡಾ ಕೂಡ ಕ್ಷಾರವೇ. ಕೊಳೆ ತೆಗೆಯಲೆಂದು ಇವೆರಡರಲ್ಲಿ ಯಾವುದನ್ನೂ ವಿಗ್ಗಿಗೆ ಹಾಕಬಾರದು, ಹುರುಪೆಗಳನ್ನು ಎಬ್ಬಿಸಿ ನಿಲ್ಲಿಸುತ್ತವೆ. ಸೀಗೆಪುಡಿ, ಅಂಟುವಾಳದ ಪುಡಿ ತಲೆಗೆ ಒಳ್ಳೆಯವೇ ಇರಬಹುದು. ವಿಗ್ಗಿನಲ್ಲಿ ಆ ಪುಡಿ ಬಲೆಯ ಕಣ್ಣುಗಳಲ್ಲಿ ಕೂತುಬಿಟ್ಟರೆ ಹೊರಡುವುದಿಲ್ಲ.

ತೊಳೆಯುವ ಕ್ರಮ ಸರಳ. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಸಲ್ಫೇಟ್ ಇಲ್ಲದ ಶಾಂಪೂ ಒಂದು ಚಮಚ ಕದಡಿ, ವಿಗ್ಗನ್ನು ಐದು ನಿಮಿಷ ಮುಳುಗಿಸಿಡಬೇಕು. ಬೆರಳುಗಳನ್ನು ಬುಡದಿಂದ ತುದಿಯ ದಿಕ್ಕಿಗೆ ಮಾತ್ರ ಸರಿಸಬೇಕು. ಉಜ್ಜುವುದು, ಹಿಂಡುವುದು, ತಲೆಯ ಮೇಲೆ ಗುಡ್ಡೆ ಮಾಡಿ ನೊರೆ ಎಬ್ಬಿಸುವುದು ಇಲ್ಲಿ ಸಲ್ಲದು. ಬೆವರು, ಮೇಕಪ್, ಅಂಟಿನ ಕಲೆ ಇರುವ ಒಳಅಂಚನ್ನು ಮೆತ್ತನೆಯ ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಿಕ್ಕಬಹುದು. ಹಲವು ತಿಂಗಳ ಸೀರಮ್, ಸ್ಪ್ರೇ ಕೂತು ಕೂದಲು ಮೇಣ ಹಚ್ಚಿದಂತಾಗಿದ್ದರೆ ಜಿಡ್ಡು ತೆಗೆಯುವ ಕ್ಲ್ಯಾರಿಫೈಯಿಂಗ್ ಶಾಂಪೂವನ್ನು ಒಮ್ಮೆ ಮಾತ್ರ ಬಳಸಬೇಕು. ಆಮೇಲೆ ನಲ್ಲಿಯ ಸಣ್ಣ ಧಾರೆಯ ಕೆಳಗೆ, ವಿಗ್ ತಲೆಯ ಮೇಲಿದ್ದಾಗ ಕೂದಲು ಇಳಿಬೀಳುವ ದಿಕ್ಕಿಗೇ ನೀರು ಹರಿಯುವಂತೆ ಹಿಡಿದು ಜಾಲಿಸಬೇಕು. ತಲೆಕೆಳಗು ಮಾಡಿ ತೊಳೆದರೆ ಪಟ್ಟಿಗಳು ಮಗುಚಿಕೊಂಡು ಬಿಡಿಸಿದ ಸಿಕ್ಕೆಲ್ಲ ಮತ್ತೆ ಕೂಡುತ್ತದೆ.

ಕಂಡಿಷನರ್ ಹಚ್ಚುವಾಗ ತಪ್ಪದೆ ನೆನಪಿಡಬೇಕಾದ ಒಂದೇ ಮಾತು: ಗಂಟಿನಿಂದ ಎರಡು ಅಂಗುಲ ದೂರ. ಕಂಡಿಷನರಿನ ಗುಣವೇ ಜಾರಿಕೆ, ಗಂಟಿಗೆ ತಾಗಿದರೆ ಅದು ಜಾರಿ ಬಿಚ್ಚಿಕೊಳ್ಳುತ್ತದೆ. ಕೂದಲಿನ ನಡುವಿನಿಂದ ತುದಿಯವರೆಗೆ ಧಾರಾಳವಾಗಿ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ಹರಡಿ, ಹದಿನೈದು ಇಪ್ಪತ್ತು ನಿಮಿಷ ಪ್ಲಾಸ್ಟಿಕ್ ಕವರ್ ಸುತ್ತಿಟ್ಟು ಜಾಲಿಸಬೇಕು. ಹಳೆಯ, ಒಣಗಿದ ವಿಗ್ಗಾದರೆ ಬೆಚ್ಚನೆಯ ಟವೆಲನ್ನು ಕವರಿನ ಮೇಲೆ ಸುತ್ತಿದರೆ ಇನ್ನೂ ಒಳ್ಳೆಯ ಫಲ ಸಿಗುತ್ತದೆ. ಮೊದಲ ಸಲಕ್ಕೆ ಪವಾಡ ಆಗುವುದಿಲ್ಲ, ಮೂರು ನಾಲ್ಕು ತೊಳೆತಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಕೂದಲೆಂದರೆ ಎಣ್ಣೆ ಎಂಬುದು ನಮ್ಮ ಮನೆಗಳ ಹಳೆಯ ರೂಢಿ, ಅದಕ್ಕೆ ಆಧಾರವೂ ಇದೆ. ರೇಲೆ ಮತ್ತು ಮೊಹಿಲೆ ಎಂಬ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲವನ್ನು ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣುಗಳು ನೀಳವಾಗಿ, ಸಣ್ಣದಾಗಿ ಇರುವುದರಿಂದ ಕೂದಲಿನ ಒಳಕ್ಕೆ ಇಳಿಯುತ್ತವೆ. ಹಾಗೆಂದು ತಲೆಗೆ ಹಚ್ಚಿಕೊಂಡಂತೆ ವಿಗ್ಗಿಗೆ ಎಣ್ಣೆ ಸುರಿದರೆ ಗಂಟು ಸಡಿಲಾಗುತ್ತದೆ, ಧೂಳು ಅಂಟುತ್ತದೆ, ವಿಗ್ಗನ್ನು ಹಣೆಯ ಅಂಚಿಗೆ ಅಂಟಿಸುವ ಟೇಪು ನಿಲ್ಲುವುದಿಲ್ಲ. ಅದರ ಗುಣ ವಿಗ್ಗಿಗೂ ದಕ್ಕುವ ದಾರಿ ಒಂದಿದೆ. ತೊಳೆಯುವ ಹಿಂದಿನ ರಾತ್ರಿ ಐದಾರು ತೊಟ್ಟು ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ, ತುದಿಯ ಮೂರನೇ ಒಂದು ಭಾಗಕ್ಕೆ ಮಾತ್ರ ಸವರಿ, ಮರುದಿನ ತೊಳೆದುಬಿಡುವುದು.

ತೊಳೆದ ವಿಗ್ಗನ್ನು ಹಿಂಡದೆ ದಪ್ಪ ಟವೆಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಬೇಕು. ಆರಲು ಗಾಳಿಯಾಡುವ ಸ್ಟ್ಯಾಂಡ್ ಬೇಕು. ಒದ್ದೆಯಿದ್ದಾಗಲೇ ದೊಡ್ಡ ದಿಮ್ಮಿಗೆ ಹಿಗ್ಗಿಸಿ ಕೂರಿಸಿದರೆ ತಳ ಹಿಗ್ಗಿಯೇ ಉಳಿಯುತ್ತದೆ. ಬಿಸಿಲು ಬೇಡ. ಸೂರ್ಯನ ನೇರಳಾತೀತ ಕಿರಣ ಕೂದಲಿಗೆ ಬಣ್ಣ ಕೊಡುವ ಮೆಲನಿನ್ನನ್ನೂ ಕೆರಟಿನ್ನನ್ನೂ ಒಡೆಯುತ್ತದೆ, ಕಪ್ಪು ವಿಗ್ ಕೆಂಚಾಗುವುದು ಹೀಗೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಂದಿಡೀ ದಿನ ಬಿಟ್ಟರೆ ಒಳಪಟ್ಟಿಯೂ ಒಣಗುತ್ತದೆ. ಮೇಲಿನ ಕೂದಲು ಒಣಗಿದೆಯೆಂದು ಎತ್ತಿಟ್ಟರೆ, ಮಲೆನಾಡಿನ ಮಳೆಗಾಲದಲ್ಲಿ ಎರಡೇ ದಿನದಲ್ಲಿ ಮುಗ್ಗುಲು ವಾಸನೆ ಹಿಡಿಯುತ್ತದೆ.

ಕೂದಲಿನ ಆಕಾರ ಹೇಗೆ ನಿಲ್ಲುತ್ತದೆ ಎಂದು ತಿಳಿದರೆ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ. ಕೆರಟಿನ್ ಸರಪಳಿಗಳ ನಡುವೆ ದುರ್ಬಲವಾದ ಹೈಡ್ರೋಜನ್ ಬಂಧಗಳಿವೆ, ಗಟ್ಟಿಯಾದ ಗಂಧಕದ ಬಂಧಗಳೂ ಇವೆ. ನೀರು ತಾಗಿದರೆ ಹೈಡ್ರೋಜನ್ ಬಂಧ ಬಿಚ್ಚುತ್ತದೆ, ಒಣಗಿದಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕೂಡುತ್ತದೆ. ಹೀಗಾಗಿ ತೇವದ ಕೂದಲನ್ನು ರೋಲರಿಗೆ ಸುತ್ತಿ ರಾತ್ರಿಯಿಡೀ ಒಣಗಲು ಬಿಟ್ಟರೆ ಬೆಳಿಗ್ಗೆ ಅಲೆ ಬಂದಿರುತ್ತದೆ, ಮುಂದಿನ ಬಾರಿ ನೆನೆಯುವವರೆಗೆ ಇರುತ್ತದೆ. ಶಾಖವಿಲ್ಲದ ಈ ವಿಧಾನವೇ ವಿಗ್ಗಿಗೆ ಅತ್ಯಂತ ಹಿತ. ಸ್ಟ್ರೈಟ್‌ನರ್, ಕರ್ಲರ್ ಬಳಸಲೇಬೇಕಾದರೆ ಶಾಖ ನಿರೋಧಕ ಸ್ಪ್ರೇ ಹಾಕಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸುವುದು ಕ್ಷೇಮ. ಕಾರ್ಖಾನೆಯಲ್ಲಿ ಒಮ್ಮೆ ಬಣ್ಣ ತೆಗೆಸಿಕೊಂಡು ಇನ್ನೊಮ್ಮೆ ಬಣ್ಣ ಹಚ್ಚಿಸಿಕೊಂಡ ಕೂದಲಿಗೆ 200 ಡಿಗ್ರಿ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಒದ್ದೆ ಕೂದಲಿಗಂತೂ ಬಿಸಿ ಕಬ್ಬಿಣ ಮುಟ್ಟಿಸಲೇಬಾರದು, ಒಳಗಿನ ನೀರು ಆವಿಯಾಗಿ ತಿರುಳಿನಲ್ಲಿ ಗುಳ್ಳೆ ಏಳುತ್ತದೆ, ಕೂದಲು ಅಲ್ಲೇ ಮುರಿಯುತ್ತದೆ. ಗಂಧಕದ ಬಂಧವನ್ನೇ ಒಡೆಯುವ ಪರ್ಮಿಂಗ್, ಸ್ಮೂಥನಿಂಗ್ ರಾಸಾಯನಿಕಗಳು ಮನೆಯಲ್ಲಿ ಪ್ರಯೋಗ ಮಾಡುವಂಥವಲ್ಲ.

ಬಣ್ಣದ ವಿಷಯದಲ್ಲೂ ಒಂದು ಗಟ್ಟಿ ಮಿತಿ ಇದೆ: ವಿಗ್ಗನ್ನು ಗಾಢ ಮಾಡಬಹುದು, ತಿಳಿ ಮಾಡಬಾರದು. ಬ್ಲೀಚ್ ಮಾಡುವುದೆಂದರೆ ಈಗಾಗಲೇ ಬಡವಾದ ಕೂದಲಿನ ಉಳಿದ ಬಲವನ್ನೂ ಕರಗಿಸುವುದು. ಕೆಂಚಾದ ವಿಗ್ಗನ್ನು ಮತ್ತೆ ಕಪ್ಪಾಗಿಸಲು ಅಮೋನಿಯಾ ಇಲ್ಲದ ಅರೆಶಾಶ್ವತ ಬಣ್ಣ ಸಾಕು. ಮೊದಲು ಒಳಗಿನ ಒಂದು ಸಣ್ಣ ಕುಚ್ಚಿಗೆ ಹಚ್ಚಿ, ಒಣಗಿಸಿ, ಹಗಲ ಬೆಳಕಿನಲ್ಲಿ ನೋಡಿ ಮುಂದುವರಿಯಬೇಕು. ಲೇಸಿಗೆ ಬಣ್ಣ ಹತ್ತಿದರೆ ಹಣೆಯ ಅಂಚಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ, ಹಾಗಾಗಿ ಬುಡದಲ್ಲಿ ಒಂದು ಬೆರಳಿನಷ್ಟು ಜಾಗ ಬಿಡಬೇಕು. ಮೆಹಂದಿಯೂ ಹಿಡಿಯುತ್ತದೆ, ಆದರೆ ಅದರ ಪುಡಿ ಬಲೆಯಿಂದ ಹೊರಡುವುದು ಕಷ್ಟ, ಬಲೆಯೂ ಕೆಂಪಾಗುತ್ತದೆ. ಬಣ್ಣ ಹಚ್ಚುವ ಕೆಲಸವೆಲ್ಲ ದಿಮ್ಮಿಯ ಮೇಲೆ ನಡೆಯಬೇಕು. ನೀರು ಪೂರ್ತಿ ತಿಳಿಯಾಗುವವರೆಗೆ ಜಾಲಿಸಿದ ಮೇಲೆಯೇ ವಿಗ್ ತಲೆಗೇರಬೇಕು. ಗಾಢ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಹಲವರ ಚರ್ಮಕ್ಕೆ ಅಲರ್ಜಿ ತರುತ್ತದೆ.

ಇನ್ನು ಸೂಜಿ-ದಾರದ ಕೆಲಸ. ಹೊಲಿಗೆ ಬಲ್ಲವರಿಗೆ ಇದರಲ್ಲಿ ಹೆಚ್ಚಿನದು ಕೈಗೆಟುಕುತ್ತದೆ. ಬಿಟ್ಟುಕೊಂಡ ಪಟ್ಟಿಯನ್ನು ಕೂದಲಿನ ಬಣ್ಣದ ಗಟ್ಟಿ ದಾರದಿಂದ ಬಖಿಯಾ ಹೊಲಿಗೆಯಲ್ಲಿ ಮತ್ತೆ ಕೂಡಿಸಬಹುದು. ಸೂಜಿ ಪಟ್ಟಿಯ ಅಂಚನ್ನು ಸುತ್ತಿ ಬರಬೇಕು, ಪಟ್ಟಿಯನ್ನು ತೂರಿ ಹೋದರೆ ಮೆಷಿನ್ ಹೊಲಿಗೆ ಕಡಿದು ಆ ಜಾಗದ ಕೂದಲೆಲ್ಲ ಸೋರುತ್ತದೆ. ಸೋತ ಎಲಾಸ್ಟಿಕ್ ಬದಲಿಸುವುದು ಲಂಗದ ಎಲಾಸ್ಟಿಕ್ ಬದಲಿಸಿದಷ್ಟೇ ಸುಲಭ. ಲೇಸಿನ ಸಣ್ಣ ಹರಕಿಗೆ ಪಾರದರ್ಶಕ ನೈಲಾನ್ ಎಳೆಯಿಂದ, ಅತಿ ಸಣ್ಣ ಸೂಜಿಯಲ್ಲಿ, ಕಣ್ಣಿಗೆ ಕಣ್ಣು ಕೂಡಿಸಿ ಹೊಲಿಯಬೇಕು. ಎಳೆದು ಬಿಗಿದರೆ ಅಲ್ಲಿ ಸುಕ್ಕು ಬಿದ್ದು ಹಣೆಯ ಮೇಲೆ ಎದ್ದು ಕಾಣುತ್ತದೆ. ಎರಡು ಅಂಗುಲಕ್ಕಿಂತ ದೊಡ್ಡ ಹರಕು, ಬೈತಲೆಯಲ್ಲಿನ ಹರಕು ವಿಗ್ ತಯಾರಿಸುವವರ ಕೈಗೆ ಹೋಗುವುದೇ ಲೇಸು.

ಬೋಳಾದ ಜಾಗಕ್ಕೆ ಹೊಸ ಕೂದಲು ಕಟ್ಟುವುದು ನಿಜಕ್ಕೂ ಕುಶಲ ಕಲೆ. ಎಳೆಯನ್ನು ಮಡಚಿ ಎಡಗೈ ಬೆರಳಲ್ಲಿ ಹಿಡಿದು, ಕೊಕ್ಕೆಸೂಜಿಯನ್ನು ಲೇಸಿನ ಒಂದು ಕಣ್ಣಿನಲ್ಲಿ ತೂರಿಸಿ ಪಕ್ಕದ ಕಣ್ಣಿಂದ ಹೊರತಂದು, ಮಡಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ಹಿಂದಕ್ಕೆಳೆದು, ಕುಣಿಕೆಯೊಳಗಿಂದ ಎಳೆಯ ಎರಡೂ ತುದಿ ಪಾರು ಮಾಡಿ ಬಿಗಿಯಬೇಕು. ಸೂಜಿಯ ಹಿಡಿಕೆ ಮತ್ತು ಬಿಡಿ ಕೊಕ್ಕೆಗಳು ವಿಗ್ ಸಾಮಗ್ರಿ ಮಾರುವವರಲ್ಲಿ ಸಿಗುತ್ತವೆ. ಒಂದು ತುಂಡು ಬಲೆಯ ಮೇಲೆ ಅಭ್ಯಾಸ ಮಾಡಿ, ಗಂಟುಗಳು ಸಮವಾದ ಮೇಲೆ ವಿಗ್ಗಿಗೆ ಕೈ ಹಾಕಬೇಕು. ಹೊಂದುವ ಕೂದಲಿಗಾಗಿ ಹುಡುಕಾಡಬೇಕಿಲ್ಲ, ಅದೇ ವಿಗ್ಗಿನ ಹಿಂಭಾಗದ ಕೆಳಪಟ್ಟಿಯಿಂದ ತೆಗೆದರೆ ಬಣ್ಣ, ದಪ್ಪ, ಅಲೆ ಎಲ್ಲವೂ ತಾನೇ ಹೊಂದುತ್ತದೆ. ಬುಡ-ತುದಿಯ ದಿಕ್ಕು ಮಾತ್ರ ತಪ್ಪಬಾರದು. ಹಾಗಾಗಿ ಮಡಿಕೆಯನ್ನು ನಡುವೆ ಮಾಡದೆ ಬುಡದ ತುದಿಗೆ ಹತ್ತಿರ ಮಾಡಿ, ಆ ಕಡೆಯ ತುಂಡನ್ನು ಆದಷ್ಟು ಚಿಕ್ಕದಾಗಿ ಬಿಡುತ್ತಾರೆ. ಸೀಳಿದ ತುದಿಗಳನ್ನು ಕತ್ತರಿಸುವಾಗ ವಿಗ್ ಧರಿಸಿದವರ ತಲೆಯ ಮೇಲೇ ಇರಲಿ. ದಿಮ್ಮಿಯ ಮೇಲೆ ಸಮನಾಗಿ ಕಂಡದ್ದು ತಲೆಯ ಮೇಲೆ ಓರೆಯಾಗುತ್ತದೆ. ಕಾಲಂಗುಲದಿಂದ ಶುರು ಮಾಡಬೇಕು.

ವಿಗ್ ಧರಿಸುವವರಲ್ಲಿ ಹಲವರು ಕಾಯಿಲೆಯಿಂದ ಕೂದಲು ಕಳೆದುಕೊಂಡವರು. ಕೀಮೋಥೆರಪಿ ಶುರುವಾದ ಎರಡು ಮೂರು ವಾರಗಳಲ್ಲಿ ಸಾಮಾನ್ಯವಾಗಿ ಕೂದಲು ಉದುರತೊಡಗುತ್ತದೆ, ಆಗ ನೆತ್ತಿ ಬಹಳ ಸೂಕ್ಷ್ಮವಾಗಿರುತ್ತದೆ. ಕೂದಲು ಅಲ್ಲಲ್ಲಿ ತೇಪೆಯಂತೆ ಉದುರುವ ಅಲೋಪೇಸಿಯಾ ಅರಿಯಾಟಾ ಇರುವವರಿಗೆ ವಿಗ್ ವರ್ಷಗಟ್ಟಲೆ ಬೇಕಾಗಬಹುದು. ಇವರಿಗೆ ವಿಗ್ ಅಲಂಕಾರದ ವಸ್ತುವಲ್ಲ. ಬೀದಿಗೆ, ಕೆಲಸಕ್ಕೆ, ಮದುವೆಮನೆಗೆ ಎಂದಿನಂತೆ ಹೋಗಿಬರಲು ಧೈರ್ಯ ಕೊಡುವ ಒಡನಾಡಿ. ಅಂಥವರ ವಿಗ್ಗಿನ ಒಳಗೆ ತೆಳ್ಳನೆಯ ಹತ್ತಿ ಅಥವಾ ಬಿದಿರುನಾರಿನ ಟೋಪಿ ಇದ್ದರೆ ಬೆವರನ್ನು ಅದು ಹೀರುತ್ತದೆ, ಲೇಸಿನ ಒರಟು ನೆತ್ತಿಗೆ ತಾಗುವುದಿಲ್ಲ. ಆ ಟೋಪಿಯನ್ನು ದಿನವೂ ಒಗೆಯಬಹುದು, ಹಾಗಾಗಿ ವಿಗ್ಗಿನ ತೊಳೆತವೂ ದೂರವಾಗುತ್ತದೆ. ನೆತ್ತಿಯಲ್ಲಿ ಹುಣ್ಣು, ಕೆಂಪು, ಕಡಿತ ಇದ್ದಾಗ ಅಂಟು ಮತ್ತು ಟೇಪನ್ನು ಬಿಟ್ಟು, ವೈದ್ಯರನ್ನು ಕೇಳಿ ಮುಂದುವರಿಯಬೇಕು. ಕೃತಕ ಚೌರಿಯನ್ನಾಗಲಿ ವಿಗ್ಗನ್ನಾಗಲಿ ಇನ್ನೊಬ್ಬರಿಂದ ಪಡೆದು ಬಳಸುವಾಗ ತಳವನ್ನು ತೊಳೆದು ಪೂರ್ತಿ ಒಣಗಿಸದೆ ಹಾಕಿಕೊಳ್ಳಬಾರದು. ಗ್ಯಾಸ್ ಒಲೆಯ ಮುಂದೆ, ಒಗ್ಗರಣೆಯ ಹೊತ್ತಿನಲ್ಲಿ, ವಿಗ್ ತೆಗೆದಿಡುವುದೇ ಸರಿ. ಮಲಗುವಾಗಲೂ ತೆಗೆದಿಡಬೇಕು, ದಿಂಬಿನ ಉಜ್ಜುವಿಕೆ ಒಂದೇ ರಾತ್ರಿಯಲ್ಲಿ ಕತ್ತಿನ ಬಳಿ ಜಡೆ ಕಟ್ಟಿಸುತ್ತದೆ.

ದಿನವೂ ಬಳಸುವ ವಿಗ್ಗಿಗೆ ಸ್ಟ್ಯಾಂಡೇ ಜಾಗ, ಮೇಲೆ ಒಂದು ತೆಳು ರೇಷ್ಮೆ ಬಟ್ಟೆ. ಬಹಳ ದಿನ ಎತ್ತಿಡುವುದಾದರೆ ತೊಳೆದು, ಒಣಗಿಸಿ, ಕೂದಲನ್ನು ಸಡಿಲ ಜಡೆ ಹಾಕಿ, ನುಣುಪು ಬಟ್ಟೆಯ ಚೀಲದಲ್ಲಿಟ್ಟು, ಒಳಗೆ ಆಕಾರ ನಿಲ್ಲಲು ಬಿಳಿ ಟಿಶ್ಯೂ ಕಾಗದ ತುಂಬಬೇಕು. ಅಚ್ಚಿನ ಮಸಿ ಹತ್ತುವುದರಿಂದ ದಿನಪತ್ರಿಕೆ ಬೇಡ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಉಣ್ಣೆ ತಿನ್ನುವ ನುಸಿಗಳ ಮರಿಗಳಿಗೆ ಕೆರಟಿನ್ನೇ ಆಹಾರ, ಉಣ್ಣೆಯೂ ಕೂದಲೂ ಅವಕ್ಕೆ ಒಂದೇ. ಬೆವರು, ಎಣ್ಣೆಯ ಕಲೆ ಇರುವ ವಿಗ್ಗನ್ನು ಅವು ಮೊದಲು ಹುಡುಕಿ ಬರುತ್ತವೆ, ಆದ್ದರಿಂದ ಕೊಳೆಯಿರುವಾಗ ಎತ್ತಿಡುವುದು ದೊಡ್ಡ ತಪ್ಪು. ಚೀಲದ ಹೊರಗೆ ಒಣಗಿದ ಬೇವಿನ ಸೊಪ್ಪಿನ ಪೊಟ್ಟಣ ಇಡುವ ರೂಢಿ ಹಲವು ಮನೆಗಳಲ್ಲಿದೆ, ಇಟ್ಟರೆ ತೊಂದರೆಯೇನಿಲ್ಲ. ಆದರೆ ಅದನ್ನೇ ನಂಬಿ ಕೂರದೆ ತಿಂಗಳಿಗೊಮ್ಮೆ ತೆಗೆದು ಕೊಡವಿ ಗಾಳಿಗೆ ಇಡಬೇಕು. ನುಸಿಗುಳಿಗೆ ಹಾಕಿದರೆ ಅದರ ವಾಸನೆ ಕೂದಲಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಅದನ್ನು ಉಸಿರಾಡುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

ದಿನವೂ ಧರಿಸುವ ನಿಜ ಕೂದಲಿನ ವಿಗ್ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು ಬಾಳುತ್ತದೆ. ಎರಡು ವಿಗ್ಗುಗಳನ್ನು ಸರದಿಯಲ್ಲಿ ಬಳಸಿದರೆ ಎರಡೂ ಹೆಚ್ಚು ಕಾಲ ಬರುತ್ತವೆ. ಬಾಳಿಕೆ ಮುಗಿಯುವುದು ಹೆಚ್ಚಾಗಿ ತಳದಿಂದ: ಲೇಸ್ ಅಲ್ಲಲ್ಲಿ ಹರಿಯುತ್ತದೆ, ಕಟ್ಟಿದ ಗಂಟು ನಿಲ್ಲುವುದಿಲ್ಲ. ಆಗಲೂ ಕೂದಲಿನ ಒಂದಷ್ಟು ಭಾಗ ಚೆನ್ನಾಗಿಯೇ ಉಳಿದಿರುತ್ತದೆ. ಪಟ್ಟಿಗಳನ್ನು ಬಿಚ್ಚಿ, ತೊಳೆದು, ಬುಡ ಒಂದೇ ಕಡೆ ಇರುವಂತೆ ದಾರ ಕಟ್ಟಿ ಕಾಗದದಲ್ಲಿ ಸುತ್ತಿಟ್ಟರೆ ಮುಂದಿನ ವಿಗ್ಗಿನ ಬೋಳು ಜಾಗ ತುಂಬಲು ಬರುತ್ತದೆ. ಉದ್ದವಿದ್ದರೆ ಚೌರಿಯಾಗುತ್ತದೆ, ಗಿಡ್ಡವಿದ್ದರೆ ಗಂಟು ಹಾಕುವುದನ್ನು ಕಲಿಯುವವರ ಕೈಗೆ ಹೋಗುತ್ತದೆ.